ಪಂಜರದಲ್ಲಿ ತಲೆ ತೂರಿಸಬೇಡ

ಅಪ್ಪಾ,

ಬೆಳಗಿನ ಬಸ್ಸಿನ ಡ್ಯೂಟಿಗೆ ಹೊರಟೆ. ಗಿಣಿ ಪರದೆ ಕಂಬಿಯ ಮೇಲೆ ಕೂತಿದೆ. ಟವೆಲ್ ಹಿಡಿದು ಅಟ್ಟಿಸಿಕೊಂಡು ಹೋಗಬೇಡ.

ಒಳಗೆ ಹೋಗೋದು ಹೇಗೆ ಅಂತ ತೋರಿಸೋಕೆ ನಿನ್ನೆಯ ಹಾಗೆ ನೀನೇ ಪಂಜರದಲ್ಲಿ ತಲೆ ತೂರಿಸಲೂ ಬೇಡ. ಸಿಕ್ಕಿಕೊಂಡ ಕಿವಿ ಬಿಡಿಸೋಕೆ ಅರ್ಧ ಬಾಟಲಿ ಎಣ್ಣೆ ಹಿಡೀತು. ಗಿಣಿ ಬೀರುವಿನ ಮೇಲೆ ಕೂತು ಸಿನಿಮಾ ನೋಡಿದ ಹಾಗೆ ನೋಡ್ತಿತ್ತು.

ಪಂಜರದೊಳಗೆ ಕಡಲೆಬೀಜ ಇಟ್ಟು ದೂರ ಕೂರು. ಅದು ಬಂದ ತಕ್ಷಣ ಬಾಗಿಲು ಧಡಾರ್ ಅಂತ ಹಾಕಬೇಡ, ನಂಬಿಕೆ ಹೋಗುತ್ತೆ. "ಎಷ್ಟು ಕರೆದ್ರೂ ಬರಲ್ವಲ್ಲ, ಏನು ಹಟ ಇದರದ್ದು!" ಅಂತ ಬೈಯಬೇಡ. ಐದು ಸಲ ಊಟಕ್ಕೆ ಕರೆದರೂ ಪೇಪರ್ ಬಿಟ್ಟು ಏಳದವರು ಈ ಮನೆಯಲ್ಲಿ ಇನ್ನೊಬ್ಬರಿದ್ದಾರೆ.

ನಿನ್ನ ತಿಂಡಿ ಪಂಜರದ ಪಕ್ಕ ಮುಚ್ಚಿಟ್ಟಿದ್ದೀನಿ. ಇಬ್ಬರೂ ನೀವಾಗೇ ಬಂದು ತಿನ್ನಿ. ಇಲ್ಲದಿದ್ರೆ ಸಂಜೆ ಟವೆಲ್ ಹಿಡಿಯೋಳು ನಾನು.