ಬಾನಕ್ಕ ಕಲಿಸಿದ ಗುರಿ

ಕೊಪ್ಪಳ
ತಾ. ೧೭ ಫೆಬ್ರುವರಿ ೧೯೪೬

ನನ್ನ ಬಾನಕ್ಕನಿಗೆ ಹುಲಿಗವ್ವನ ಸಾವಿರ ಶರಣು.

ಹೈದರಾಬಾದಿನ ಬಂದೂಕಿನ ಸ್ಪರ್ಧೆಯಲ್ಲಿ ಈ ಸಲವೂ ನಾನೇ ಗೆದ್ದೆ. ಹತ್ತು ಗುಂಡಿಗೆ ಒಂಬತ್ತು ನಟ್ಟನಡುವೆ ಬಿದ್ದವು. ಸತತ ಮೂರು ವರ್ಷ ಗೆದ್ದವಳು ಇವಳೊಬ್ಬಳೇ ಎಂದು ಸಾರಿದಾಗ ನನ್ನ ಕಣ್ಣಿಗೆ ಬಂದದ್ದು ನಿನ್ನ ಶೇಂಗಾದ ಹೊಲ.

ನಿನ್ನ ಗಂಡ ಶಫೀಸಾಬಣ್ಣ ಲಡಾಯಿಗೆ ಹೋದ ವರ್ಷ ಅದು. ಕಾಡುಹಂದಿಗಳು ಅಕ್ಕಪಕ್ಕದ ನಮ್ಮಿಬ್ಬರ ಹೊಲವನ್ನೂ ಅಗೆದು ಹಾಕುತ್ತಿದ್ದವು. ಒಂದು ನಸುಕಿನಲ್ಲಿ ಗುಂಡಿನ ಸಪ್ಪಳ ಕೇಳಿ ಓಡಿಬಂದರೆ, ಸೆರಗು ಬಿಗಿದು ಬಂದೂಕು ಹಿಡಿದು ನೀನು ನಿಂತಿದ್ದೆ. ಕನಕಗಿರಿ ಗುಡ್ಡದ ಬೇಟೆಗಾರನಾದ ನಿನ್ನಪ್ಪ ಕಲಿಸಿದ್ದೆಂದು ಹೇಳಿ, ಯಾರ ಮುಂದೂ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಹಾಕಿಸಿಕೊಂಡೆ. ಪರವಾನಗಿ ಶಫೀಸಾಬಣ್ಣನ ಹೆಸರಿನಲ್ಲಿತ್ತು. ಠಾಣೆಗೆ ಗೊತ್ತಾದರೆ ಬಂದೂಕೂ ಹೋಗುತ್ತಿತ್ತು, ಬೆಳೆಯೂ ಹೋಗುತ್ತಿತ್ತು.

ಗಂಡನ ಮನೆಯಿಂದ ಮರಳಿ ಬಂದು ಮೂಲೆ ಹಿಡಿದಿದ್ದ ನನ್ನ ಕೈಗೆ ನೀನು ಆ ಬಂದೂಕನ್ನು ಕೊಟ್ಟೆ. “ಉಸರು ಬಿಗಿ ಹಿಡಿಬ್ಯಾಡ. ಮೆಲ್ಲಕ ಬಿಡು, ಬಿಟ್ಟ ಮ್ಯಾಲ ಒತ್ತು,” ಅಂದೆ. ಇಂದಿಗೂ ಹಾಗೆಯೇ ಹೊಡೆಯುತ್ತೇನೆ.

ಮರುವರ್ಷ ಕುಷ್ಟಗಿಯಲ್ಲಿ ಸ್ಪರ್ಧೆ ಇಟ್ಟಾಗ, “ನನಗ ಬರಾಕ ಆಗಂಗಿಲ್ಲ, ನೀ ಹೋಗು,” ಎಂದು ನೂಕಿದವಳೂ ನೀನೇ. ಗಂಡಸರು ನಕ್ಕರು. ಗೆದ್ದ ಮೇಲೆ ಕಲಿಸಿದವರು ಯಾರೆಂದು ಕೇಳಿದರು. ನೀನು ಹೇಳಿಕೊಟ್ಟಂತೆ ಅಣ್ಣನ ಹೆಸರು ಹೇಳಿದೆ. ರಾಯಚೂರಿನಲ್ಲೂ ಹೈದರಾಬಾದಿನಲ್ಲೂ ಅದೇ ಸುಳ್ಳು.

ನಿನ್ನೆ ಇಲ್ಲಿ ನನಗೆ ಸನ್ಮಾನ. ಫೌಜಿನಿಂದ ಬಿಡುಗಡೆಯಾದ ಅಣ್ಣ ಅದೇ ಹೊತ್ತಿಗೆ ರೈಲಿಳಿದರು. ಗುರುತು ಹಿಡಿದವರು ಅವರನ್ನು ಕರೆತಂದು, ನನ್ನ ಗುರುಗಳೆಂದು ಮಾಲೆ ಹಾಕಿದರು. ಅವರು ನನ್ನನ್ನೇ ನೋಡುತ್ತ ಮಾಲೆ ಹಾಕಿಸಿಕೊಂಡರು. ನನಗೆ ತಲೆ ಎತ್ತಲಾಗಲಿಲ್ಲ.

ಅಕ್ಕ, ಆ ಮಾಲೆ ನಿನ್ನದು. ನಾಲ್ಕು ಜನರ ಮುಂದೆ ನೆಟ್ಟಗೆ ನಿಲ್ಲುವ ಈ ನನ್ನ ಧೈರ್ಯವೂ ನಿನ್ನದೇ. ನಿನ್ನ ಉಪಕಾರ ನಾನು ಇರುವತನಕ ಮರೆಯುವುದಿಲ್ಲ. ಆಣೆ ಮುರಿದದ್ದಕ್ಕೆ ಮಾತ್ರ ಕ್ಷಮಿಸು.

ನಿನ್ನ ತಂಗಿ
ಹುಲಿಗವ್ವ

ತಾ.ಕ.: ನಿನಗೆ ಓದಲು ಬರುವುದಿಲ್ಲವೆಂದು ಈ ಪತ್ರವನ್ನು ಅಣ್ಣನ ಕೈಯಲ್ಲೇ ಕಳಿಸಿದ್ದೇನೆ. ಈಗ ಓದಿ ಹೇಳುತ್ತಿರುವವರು ಅವರೇ. ನಿನ್ನೆ ಸಂಜೆ ಅವರಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಕೊರಳಿನ ಮಾಲೆ ತೆಗೆದಿಟ್ಟು, “ಉಸ್ತಾದ ನಮ್ಮ ಮನ್ಯಾಗ ಅದಾಳ. ನನಗ ಈಗ ಗೊತ್ತಾತು ನೋಡವ್ವಾ,” ಅಂದರು. ಇವತ್ತು ಮುಂಜಾನೆ ತಾವೇ ಹೋಗಿ ಬರುವ ವರ್ಷದ ಸ್ಪರ್ಧೆಯ ಅರ್ಜಿ ತಂದಿದ್ದಾರೆ. ನಿನ್ನ ಹೆಸರು ಬರೆದಾಗಿದೆ. ಹೆಬ್ಬೆಟ್ಟು ಒತ್ತುವುದು ನಿನಗೆ ಬಿಟ್ಟಿದ್ದು.