ಹುಳು ಮನೆಯ ಹೊಸ್ತಿಲು

ಶಿಡ್ಲಘಟ್ಟ
14-5-1961

ಪ್ರೀತಿಯ ಶ್ಯಾಮಲಾ,

ಬೈಯುವುದಿದ್ದರೆ ಈಗಲೇ ಬೈದು ಮುಗಿಸಿಬಿಡು, ಆಮೇಲೆ ಓದು. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು. ಯುಗಾದಿ ಕಳೆದ ಮೂರನೇ ದಿನ ಅಮ್ಮ ತೀರಿಕೊಂಡಳು. ಬರೆಯಲು ಕೂತರೆ ಮೊದಲು ಅದನ್ನೇ ಬರೆಯಬೇಕಾಗುತ್ತಿತ್ತು, ಅದಕ್ಕೇ ಕೂರಲಿಲ್ಲ. ಈಗ ಬರೆದಾಯಿತು. ನಾನು ಗಟ್ಟಿಯಾಗಿದ್ದೇನೆ. ನೀನು, ಯಜಮಾನರು, ಮಕ್ಕಳು ಎಲ್ಲ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ನಿನ್ನ ಪ್ರಶ್ನೆಗೆ ಬರುತ್ತೇನೆ. ನಮ್ಮ ಎಂ.ಎಸ್ಸಿ. ಮೇಷ್ಟ್ರು ಇನ್ನೂ ನನ್ನನ್ನು ಮರೆತಿಲ್ಲ ಎಂದು ಓದಿ ಎರಡು ದಿನ ಒಳಗೊಳಗೇ ಬೀಗಿದೆ, ಸುಳ್ಳು ಹೇಳುವುದಿಲ್ಲ. ನಿನ್ನ ಕಾಲೇಜಿನಲ್ಲೇ ಜಾಗ, ಪಾಠದ ಜೊತೆಗೆ ಸಂಶೋಧನೆ, ಜೂನ್ ಒಂದರೊಳಗೆ ಒಪ್ಪಿಗೆ ಕಳಿಸಬೇಕು. ಏಳು ವರ್ಷದ ಹಿಂದೆ ಅವರು ಕೊಡಿಸಿದ್ದ ಇಂಥದೇ ಜಾಗ ಬಿಟ್ಟು, ಇಲ್ಲಿ ರೇಷ್ಮೆ ಮೊಟ್ಟೆ ತಯಾರಿಸುವ ಕೊಂಡಪ್ಪನವರ ಕಂಪನಿಗೆ ಸೇರುತ್ತೇನೆ ಎಂದಾಗ, "ಚಿಟ್ಟೆ ಅರೆಯೋಕೆ ಎಂ.ಎಸ್ಸಿ. ಬೇಕೇನಮ್ಮ?" ಎಂದಿದ್ದರು. ನೀನು ಪಕ್ಕದಲ್ಲಿ ನಿಂತು ನಗು ತಡೆದುಕೊಂಡದ್ದು ನನಗೆ ನೆನಪಿದೆ ಕಣೇ.

ಅವರು ಹೇಳಿದ್ದು ನಿಜವೇ. ಈಗಲೂ ಅದನ್ನೇ ಮಾಡುತ್ತೇನೆ. ಮೊಟ್ಟೆಯಿಟ್ಟು ಮುಗಿಸಿದ ತಾಯಿ ಚಿಟ್ಟೆಯನ್ನು ಅರೆದು, ಒಂದು ತೊಟ್ಟು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಗಂಟುರೋಗದ ಕಣ ಹೊಳೆಯಿತೋ, ಅದರ ಮೊಟ್ಟೆಯೆಲ್ಲ ಒಲೆಗೆ. ಇಲ್ಲವಾದರೆ ರೈತರ ಮನೆಗೆ. ನಾನು ಹೈಸ್ಕೂಲಿನಲ್ಲಿದ್ದಾಗ ಸಾದಲಿಯ ನಮ್ಮ ಮನೆಯಲ್ಲಿ ಒಂದರ ಹಿಂದೆ ಒಂದು ಮೂರು ಬೆಳೆ ಸತ್ತಿತು. ಅಮ್ಮ ತಟ್ಟೆಗಟ್ಟಲೆ ಹುಳುವನ್ನು ತಿಪ್ಪೆಗೆ ಸುರಿದು ಬಂದು, ಯಾರ ಕಣ್ಣು ಬಿತ್ತೋ ಎಂದು ಊರನ್ನೆಲ್ಲ ಶಪಿಸಿದಳು. ಅದು ಯಾರ ಕಣ್ಣೂ ಅಲ್ಲ, ರೋಗ ಎಂದು ನನಗೆ ತಿಳಿದದ್ದು ಕಾಲೇಜಿನಲ್ಲಿ. ತಿಳಿದ ಮೇಲೆ ಅಲ್ಲೇ ಕೂತು ಅದರ ಬಗ್ಗೆ ಬರೆಯುವುದಕ್ಕಿಂತ ಇಲ್ಲಿಗೆ ಬಂದು ಅದನ್ನು ಸುಡುವುದೇ ವಾಸಿ ಅನ್ನಿಸಿತು.

ಆದರೆ ಇಲ್ಲಿ ಬಹಳ ಒಂಟಿ, ಶ್ಯಾಮಲಾ. ಅದೂ ನಾನೇ ಮಾಡಿಕೊಂಡದ್ದು. ಬಂದ ಹೊಸತರಲ್ಲಿ ಹಳ್ಳಿ ಹಳ್ಳಿ ತಿರುಗಿ, ಇನ್ನೊಬ್ಬರ ಹುಳು ಮನೆಗೆ ಹೋಗಿ ಬಂದವರನ್ನು ನಿಮ್ಮ ಹುಳು ಮನೆಗೆ ಬಿಟ್ಟುಕೊಳ್ಳಬೇಡಿ, ಕಾಲಲ್ಲಿ ಸೆರಗಲ್ಲಿ ರೋಗ ಬರುತ್ತದೆ ಎಂದು ಬಾಯಿ ನೋಯುವ ತನಕ ಹೇಳಿದೆ. ನೆಂಟರನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ ಎಂದು ನಕ್ಕರು. ಎರಡು ಬೆಳೆ ಉಳಿದ ಮೇಲೆ ಕೇಳತೊಡಗಿದರು. ಈಗ ಎಷ್ಟು ಚೆನ್ನಾಗಿ ಕೇಳುತ್ತಾರೆಂದರೆ, ದಿನಕ್ಕೆ ಹತ್ತು ಮನೆ ಸುತ್ತುವ ನನ್ನನ್ನೇ ಯಾರೂ ಒಳಗೆ ಬಿಡುವುದಿಲ್ಲ. ತೆಲುಗು ಮನೆಯಾದರೆ "ಅಕ್ಕಡೇ ಉಂಡಮ್ಮಾ", ಕನ್ನಡದ ಮನೆಯಾದರೆ "ಅಲ್ಲೇ ಇರಮ್ಮಾ." ಮರ್ಯಾದೆಗೇನೂ ಕಡಿಮೆಯಿಲ್ಲ. ಜಗಲಿಯ ಮೇಲೆ ಕಾಫಿ, ಜಗಲಿಯ ಮೇಲೇ ಊಟದ ಎಲೆ. ನಾಮಕರಣಕ್ಕೆ ಕರೆದು ಮಗುವನ್ನೇ ಹೊರಗೆ ತಂದು ತೋರಿಸುತ್ತಾರೆ. ಇಲ್ಲಿ ಹುಳುವೂ ಜನವೂ ಒಂದೇ ಪಡಸಾಲೆಯಲ್ಲಿ ಇರುವುದು, ವರ್ಷವೆಲ್ಲ ಒಂದಲ್ಲ ಒಂದು ಬೆಳೆ. ಏಳು ವರ್ಷದಲ್ಲಿ ಯಾರ ಅಡುಗೆಮನೆಯಲ್ಲೂ ಕೂತು ಹರಟಿಲ್ಲ. ಹಾಸ್ಟೆಲ್ಲಿನಲ್ಲಿ ನಾವಿಬ್ಬರೂ ಒಂದೇ ಮಂಚದ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದದ್ದು ನೆನಪಾದರೆ ಆ ದಿನ ಕೆಲಸ ಸಾಗುವುದಿಲ್ಲ.

ಕಾಲೇಜಿನ ವಿಷಯ ಕೊಂಡಪ್ಪನವರಿಗೂ ಹೇಳಿದೆ. ಹೋಗಿ ಅನ್ನಲು ಬಾಯಿ ಬರುವುದಿಲ್ಲ, ಹೋಗಬೇಡಿ ಅನ್ನಲು ತಾನು ಯಾರು ಎಂದರು. ಒಳ್ಳೆಯ ಮನುಷ್ಯ.

ನಾನು ಬರುವುದಿಲ್ಲ ಶ್ಯಾಮಲಾ. ಮೇಷ್ಟ್ರಿಗೆ ನೀನೇ ಹೇಳಿಬಿಡು, ನನಗೆ ಧೈರ್ಯವಿಲ್ಲ. ಕಾರಣ ಕೇಳಿದರೆ ಅಲ್ಲಿ ಕೆಲಸ ಬಹಳವಂತೆ ಎನ್ನು. ಅದು ಸುಳ್ಳೇನಲ್ಲ.

ಮಕ್ಕಳ ತಲೆ ಸವರಿ ನನ್ನ ಹೆಸರು ಹೇಳು. ದೊಡ್ಡವನು ಚೆನ್ನಾಗಿ ಓದಲಿ, ಚಿಕ್ಕವಳ ಕೆಮ್ಮು ಬೇಗ ವಾಸಿಯಾಗಲಿ. ನಿನ್ನ ಮನೆ ತುಂಬಿರಲಿ.

ಎಂದೆಂದೂ ನಿನ್ನ,
ಅನಸೂಯ

ವಿ.ಸೂ.: ಕಾಗದ ಮಡಿಸಿಟ್ಟವಳು ಮತ್ತೆ ಬಿಚ್ಚಿದೆ. ಯುಗಾದಿಯ ಹಿಂದಿನ ದಿನ, ಅಮ್ಮ ಹಾಸಿಗೆ ಹಿಡಿದಿದ್ದಾಳೆ ಎಂದು ತಿಳಿದು ಸಾದಲಿಗೆ ಹೋದೆ. ಹುಳು ಕೊನೆಯ ಸಲ ಪೊರೆ ಬಿಟ್ಟು ಎದ್ದಿದ್ದವು, ಇನ್ನೊಂದು ವಾರಕ್ಕೆ ಗೂಡು ಕಟ್ಟುತ್ತವೆ. ಅಮ್ಮ ಹುಳುವಿನ ತಟ್ಟೆಗಳ ನಡುವೆ ಮಲಗಿದ್ದಳು. ಅತ್ತಿಗೆ ಓಬಳಮ್ಮ ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿದಳು. ಅಂಗಳದಲ್ಲಿ ಅಕ್ಕಪಕ್ಕದ ನಾಲ್ಕೈದು ಮನೆಯವರಿದ್ದರು. ಒಳಗಿನಿಂದ ಅಮ್ಮನೇ ಕೇಳಿದಳು, "ಎಷ್ಟು ಮನೆ ಸುತ್ತಿ ಬಂದಿದೀಯಮ್ಮ? ಸುತ್ತಿಲ್ಲ ಅಂದ್ರೆ ಒಳಗೆ ಬಾ."

ಸುತ್ತಿರಲಿಲ್ಲ. ಹಬ್ಬಕ್ಕೆಂದು ಕಂಪನಿ ಮುಚ್ಚಿ ಎರಡು ದಿನವಾಗಿತ್ತು. ತಲೆಗೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು ನೆಟ್ಟಗೆ ಬಸ್ಸು ಹತ್ತಿದ್ದೆ. ಆದರೆ ಅಷ್ಟು ಜನ ನೋಡುತ್ತಿದ್ದರು. ನಮಗೆಲ್ಲ ಹೇಳಿ ತನ್ನ ಮನೆಯಾದರೆ ನುಗ್ಗಿದಳು ಎಂದುಕೊಂಡಾರು ಅನ್ನಿಸಿತು. "ಬೇಡಮ್ಮ, ಗೂಡು ಕಟ್ಟಲಿ, ಆಮೇಲೆ ಬಂದು ಪಕ್ಕದಲ್ಲೇ ಕೂತ್ಕೋತೀನಿ" ಎಂದೆ. "ಹೂಂ, ಹಂಗೇ ಮಾಡು" ಎಂದಳು. ನಾಲ್ಕನೇ ದಿನ ಅವಳನ್ನೇ ಅಂಗಳಕ್ಕೆ ತಂದು ಮಲಗಿಸಿದ್ದರು.

ಆ ಬೆಳೆಯಲ್ಲಿ ಒಂದು ಹುಳುವೂ ಕೆಡಲಿಲ್ಲ. ಈಗ ಇದನ್ನು ಬಿಟ್ಟು ಬಂದರೆ ನಾನು ಆ ಅಂಗಳದಲ್ಲಿ ನಿಂತದ್ದು ಯಾತಕ್ಕೆ, ನೀನೇ ಹೇಳು. ಇದನ್ನು ಮೇಷ್ಟ್ರಿಗೆ ತಿಳಿಸಬೇಡ.