ರಾತ್ರಿ ಚಾರ್ಜ್ ಆಗದ ವ್ಯಾನು

ಲಾಂಡ್ರಿಯ ಕೌಂಟರಿನಿಂದ,
ಜೂನ್ ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಕೋತಿಗೆ ನಿನ್ನ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ? ಕೆಮ್ಮು ಹೋಯಿತೇ? ಆ ಗುಡ್ಡದ ಮೇಲೆ ಗಾಳಿ ಒಂದು ಗಳಿಗೆ ಬಿಡುವು ಕೊಡುವುದಿಲ್ಲ ಅಂತ ನೀನೇ ಹೇಳಿದ್ದೆ. ಕಿವಿಗೆ ಹತ್ತಿ ಇಟ್ಟುಕೋ ಅಂದರೆ ಹೆಲ್ಮೆಟ್ಟಿನೊಳಗೆ ಹಿಡಿಸುವುದಿಲ್ಲ ಅಂತ ನಕ್ಕೆ. ನಗು, ನಗು. ಮರ, ಕಾಂಪೌಂಡು, ನೀರಿನ ಟ್ಯಾಂಕು ಅಂತ ಸಿಕ್ಕಿದ್ದನ್ನೆಲ್ಲ ಹತ್ತುತ್ತಿದ್ದವಳಿಗೆ ಹತ್ತುವುದಕ್ಕೇ ಸಂಬಳ ಕೊಡುವವರು ಸಿಕ್ಕಿದ್ದಾರೆ, ಗಾಳಿಯಂತ್ರ ರಿಪೇರಿ ಮಾಡುವ ಕೆಲಸವೇ ಆಗಬೇಕಿತ್ತು ನಿನಗೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಅಂದರೆ ಯಾರಿಗೂ ಜ್ವರ ಇಲ್ಲ, ಅಷ್ಟೇ. ಫೋನ್ ಬಿಟ್ಟು ಕಾಗದ ಬರೆಯುತ್ತಿದ್ದಾಳಲ್ಲ ಅಂತ ಆಶ್ಚರ್ಯಪಡಬೇಡ. ಫೋನಿನಲ್ಲಿ ನಾನು ವ್ಯಾನಿನ ಮಾತೆತ್ತಿದರೆ ಸಾಕು, "ಅಮ್ಮಾ, ಸಿಗ್ನಲ್ ಹೋಗ್ತಿದೆ" ಅಂತೀಯ. ಕಾಗದಕ್ಕೆ ಆ ಕಾಯಿಲೆ ಇಲ್ಲ. ಪೂರ್ತಿ ಓದು.

ಡೀಸೆಲ್ ವ್ಯಾನು ಸಾಕು, ಕರೆಂಟಿನದು ತಗೊಳ್ಳಿ ಅಂತ ನಮ್ಮ ಬೆನ್ನು ಬಿದ್ದವಳು ನೀನು. "ಹೊಗೆ ಇಲ್ಲ, ಸದ್ದಿಲ್ಲ, ರಾತ್ರಿ ಪ್ಲಗ್ ಹಾಕಿ ಮಲಗಿದ್ರೆ ಬೆಳಿಗ್ಗೆ ರೆಡಿ" ಅಂತ ಹಾಡಿದ್ದೇ ಹಾಡಿದ್ದು. ಆ ಹಾಡಿನಲ್ಲಿ ಪೇಟೆಯ ಚಾರ್ಜಿಂಗ್ ಸ್ಟೇಷನ್ನಿನ ಸುದ್ದಿ ಬಂದಿರಲಿಲ್ಲ. ಅಲ್ಲಿ ಎರಡು ಯಂತ್ರಗಳಿವೆ. ಒಂದರ ಪರದೆಯ ಮೇಲೆ ಯಾವಾಗ ನೋಡಿದರೂ 'ದಯವಿಟ್ಟು ಕಾಯಿರಿ' ಅಂತ ಬರುತ್ತಿರುತ್ತದೆ. ಕಾಯುತ್ತಾ ನಿಂತವರಿಗೆ ಮುಪ್ಪು ಬಂದೀತು, ಅದಕ್ಕೆ ಜೀವ ಬರುವುದಿಲ್ಲ. ಇನ್ನೊಂದಕ್ಕೆ ಯಾವನೋ ಪುಣ್ಯಾತ್ಮ ಕಾರು ಸಿಕ್ಕಿಸಿ ಎಲ್ಲಿಗೋ ಹೋಗಿರುತ್ತಾನೆ. ಕಾರು ತುಂಬಿ ಎಷ್ಟೋ ಹೊತ್ತಾಗಿದ್ದರೂ ವಯರು ಕೀಳುವ ಹಾಗಿಲ್ಲ, ಯಜಮಾನನ ಫೋನು ಅಪ್ಪಣೆ ಕೊಟ್ಟರೆ ಮಾತ್ರ ಅದು ಬಾಯಿ ಬಿಡುತ್ತದಂತೆ. ಹೋದ ವಾರ ಹಾಗೆ ಮಾಯವಾದವನನ್ನು ಎದುರಿನ ಕ್ಷೌರದಂಗಡಿಯಲ್ಲಿ ಹಿಡಿದೆ. ಮುಖಕ್ಕೆಲ್ಲ ನೊರೆ ಬಳಿದುಕೊಂಡು ಕೂತಿದ್ದ. ಎಬ್ಬಿಸಿಕೊಂಡು ಬಂದೆ. ಅರ್ಧ ಗಡ್ಡ ಬೋಳಿಸಿದ ಆ ಮನುಷ್ಯ ವಯರು ಬಿಡಿಸುತ್ತಾ, ಭೂಮಿ ಉಳಿಸುವವರಿಗೆ ತಾಳ್ಮೆ ಬೇಕು ಮೇಡಂ ಅಂತ ನನಗೇ ಬುದ್ಧಿ ಹೇಳಿದ. ಅಷ್ಟೆಲ್ಲ ಆಗಿ ನನ್ನ ಸರದಿ ಬಂದಾಗ ಫೋನು ಪಾಸ್‌ವರ್ಡ್ ಕೇಳಿತು. ಅದನ್ನು ಇಟ್ಟವಳು ಗುಡ್ಡದ ಮೇಲೆ ನೇತಾಡುತ್ತಿದ್ದರೆ ನಾನು ಯಾರನ್ನು ಕೇಳಲಿ?

ಇನ್ನು ಸದ್ದಿಲ್ಲದ ಸುಖ. ಸದ್ದಿಲ್ಲದ್ದರಿಂದ ಬೀದಿಯಲ್ಲಿ ಯಾರೂ ಜಾಗ ಬಿಡುವುದಿಲ್ಲ. ಹಾರ್ನ್ ಹೊಡೆದರೆ ಬೆಚ್ಚಿಬಿದ್ದು, ತಿರುಗಿ ನಿಂತು ಬೈಯುತ್ತಾರೆ. ಈಗ ಕಿಟಕಿಯಿಂದ ತಲೆ ಹೊರಗೆ ಹಾಕಿ "ಸ್ವಲ್ಪ ದಾರಿ ಬಿಡಿ, ದಾರಿ ಬಿಡಿ" ಅಂತ ಕೂಗುತ್ತಾ ಹೋಗುತ್ತೇನೆ. ವ್ಯಾನಿನ ಸದ್ದನ್ನು ಕೂಡ ನಾನೇ ಮಾಡಬೇಕಾಗಿದೆ. ಸಿಗ್ನಲಿನಲ್ಲಿ ನಿಂತರೆ ಪಕ್ಕದ ಸ್ಕೂಟರಿನವರದ್ದು ಒಂದೇ ಪ್ರಶ್ನೆ, "ಎಷ್ಟು ಕೊಡುತ್ತೆ?" ಎಷ್ಟು ಕೊಡುತ್ತೋ ಗೊತ್ತಿಲ್ಲ, ಕೈ ಮಾತ್ರ ಚೆನ್ನಾಗಿ ಕೊಡುತ್ತೆ ಅಂತ ಒಬ್ಬನಿಗೆ ಹೇಳಿ ಬಂದೆ.

ನಿನ್ನ ಅಪ್ಪನದು ಇನ್ನೊಂದು ಪುರಾಣ. ಮಹಡಿಯ ಮೇಲೆ ಸೋಲಾರ್ ಹಾಕಿಸಿದ ದಿನದಿಂದ ಅವರು ಲಾಂಡ್ರಿ ನಡೆಸುತ್ತಿಲ್ಲ, ಹವಾಮಾನ ಕಚೇರಿ ನಡೆಸುತ್ತಿದ್ದಾರೆ. ಫೋನಿನಲ್ಲಿ ಹಸಿರು ಗೆರೆ ಮೇಲೇರಿದರೆ ಮುಖ ಅರಳುತ್ತದೆ, ಇಳಿದರೆ ಹತ್ತಿರದವರು ಯಾರೋ ತೀರಿಕೊಂಡ ಹಾಗೆ ಕೂರುತ್ತಾರೆ. ಬಿಸಿಲು ಬಂತೋ, ಬಾಯಿಗಿಟ್ಟ ತುತ್ತು ಬಿಟ್ಟು "ಮೆಷಿನ್ ಹಾಕು, ಮೆಷಿನ್ ಹಾಕು" ಅಂತ ಓಡುತ್ತಾರೆ. ನೆನ್ನೆ ಗಿರಾಕಿಯೊಬ್ಬರು ಕೋಟು ಯಾವಾಗ ಸಿಗುತ್ತೆ ಅಂತ ಕೇಳಿದ್ದಕ್ಕೆ ಕಿಟಕಿಯಿಂದ ಬಗ್ಗಿ ಮೇಲೆ ನೋಡಿ, "ಆ ಮೋಡ ಒಂದು ದಾಟಿಬಿಡಲಿ ಸಾರ್" ಅಂದರು. ಪಾರಿವಾಳಗಳಿಗೂ ಆ ಫಲಕಗಳೇ ಬೇಕು. ಅವುಗಳ ಹಿಕ್ಕೆ ತೊಳೆಯಲು ಬಕೆಟ್ಟು, ಕಸಬರಿಕೆ ಹಿಡಿದು ಈ ವಯಸ್ಸಿನಲ್ಲಿ ಏಣಿ ಹತ್ತುತ್ತಾರೆ. ಹತ್ತುವ ಚಾಳಿ ನಿನಗೆ ಎಲ್ಲಿಂದ ಬಂತು ಅಂತ ಈಗ ಅರ್ಥವಾಯಿತು.

ನ್ಯಾಯವಾಗಿ ಹೇಳಬೇಕೆಂದರೆ ಒಳ್ಳೆಯದೇ ಇಲ್ಲ ಅಂತಲ್ಲ. ಮೊದಲು ಬಿಳಿ ಹೊದಿಕೆಗಳನ್ನು ಎಷ್ಟು ಚೆನ್ನಾಗಿ ಒಗೆದು ಮಡಿಸಿದರೂ ವ್ಯಾನಿನೊಳಗೆ ಡೀಸೆಲ್ ವಾಸನೆ ಕುಡಿದುಬಿಡುತ್ತಿದ್ದವು. ಈಗ ಅದಿಲ್ಲ. ಗೇರು, ಕ್ಲಚ್ಚು ಇಲ್ಲದ್ದರಿಂದ ಎಡಗಾಲಿನ ಮಂಡಿನೋವು ಕಡಿಮೆಯಾಗಿದೆ. ಬೆಳಗಿನ ಖಾಲಿ ರಸ್ತೆಯಲ್ಲಿ ಹೋಗುವಾಗ ಎಷ್ಟೋ ಸಲ ನಾನೇ ಏನೋ ಗುನುಗುತ್ತಿರುವುದು ನನಗೇ ಕೇಳಿಸುತ್ತದೆ. ಇಷ್ಟು ವರ್ಷ ಗುನುಗುತ್ತಿದ್ದೆನೋ ಏನೋ, ಆ ಹಳೇ ಗಾಡಿಯ ಗಡಗಡದಲ್ಲಿ ಯಾರಿಗೆ ಗೊತ್ತು. ಇದನ್ನು ಅಪ್ಪನಿಗೆ ಹೇಳಬೇಡ, ತಲೆಯ ಮೇಲೆ ಕೂರುತ್ತಾರೆ.

ಈಗ ನಿಜವಾದ ತಲೆನೋವಿಗೆ ಬರುತ್ತೇನೆ. ಆಸ್ಪತ್ರೆಯ ಬಟ್ಟೆ ನಮ್ಮ ಲಾಂಡ್ರಿಯ ಅರ್ಧ ಜೀವ, ಅದು ನಿನಗೆ ಗೊತ್ತು. ವಾರ್ಡುಗಳಲ್ಲಿ ಹಾಸಿಗೆ ಬದಲಾಯಿಸುವ ಮುಂಚೆ, ಬೆಳಿಗ್ಗೆ ಏಳಕ್ಕೆ, ಶುಭ್ರವಾದ ಹೊದಿಕೆಗಳು ಅಲ್ಲಿರಬೇಕು. ಈ ತಿಂಗಳು ಎರಡು ಸಲ ತಡವಾಯಿತು. ಸಂಜೆ ಪ್ಲಗ್ ಹಾಕಿ ಬಿಟ್ಟ ವ್ಯಾನು ಬೆಳಿಗ್ಗೆ ನೋಡಿದರೆ ಕಾಲು ಭಾಗ ಕೂಡ ತುಂಬಿಲ್ಲ. ಒಂದು ದಿನ ಸೇತುವೆಯ ಏರಿನಲ್ಲೇ ಉಸ್ಸೆಂದು ನಿಂತುಬಿಟ್ಟಿತು. ಬಟ್ಟೆಗಂಟುಗಳನ್ನು ಬಾಡಿಗೆ ಗಾಡಿಗೆ ಹೇರಿಸಿಕೊಂಡು ತಲುಪುವ ಹೊತ್ತಿಗೆ ರೋಗಿಗಳನ್ನು ಬರಿಯ ರೆಕ್ಸಿನ್ ಹಾಸಿಗೆಯ ಮೇಲೆ ಕೂರಿಸಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಬಟ್ಟೆ ನೋಡಿಕೊಳ್ಳುವ ಹಿರಿಯ ನರ್ಸಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ನಾನು ಬೇರೆಯವರನ್ನ ನೋಡ್ಕೊಳ್ಳಬೇಕಾಗುತ್ತಮ್ಮ" ಅಂತ ಮೆತ್ತಗೆ ಹೇಳಿದರು.

ಎಲೆಕ್ಟ್ರಿಷಿಯನ್ ಬಂದ. ವಯರು, ಪ್ಲಗ್ಗು, ಫ್ಯೂಸು ಎಲ್ಲಾ ತಡಕಾಡಿ ಏನೂ ಕೆಟ್ಟಿಲ್ಲ ಅಂದ. ವ್ಯಾನಿನ ಕಂಪನಿಯವನು ಬಂದ. ಲ್ಯಾಪ್‌ಟಾಪ್ ಸಿಕ್ಕಿಸಿ, "ನಿಮ್ಮ ಗಾಡಿ ಆರೋಗ್ಯವಾಗಿದೆ" ಅಂತ ಹೇಳಿ ಹೋದ. ಗಾಡಿ ಆರೋಗ್ಯವಾಗಿದೆ, ನನ್ನ ತಲೆ ಕೆಟ್ಟಿದೆ. ಬೆಳಿಗ್ಗೆ ನಾನೇ ಹೋಗಿ ನೋಡಿದರೆ ಪ್ಲಗ್ ಇದ್ದಲ್ಲೇ ಇರುತ್ತದೆ, ಸ್ವಿಚ್ಚೂ ಹಾಕಿಯೇ ಇರುತ್ತದೆ. ಮತ್ತೆ ಕರೆಂಟು ಎಲ್ಲಿಗೆ ಹೋಯಿತು?

ಶನಿವಾರ ಊಟ ಮುಗಿಸಿ ಕನ್ನಡಕ ತರಲು ಮುಂದಿನ ಕೋಣೆಗೆ ಹೋದೆನಲ್ಲ, ಕಳ್ಳಿ ಸಿಕ್ಕಿಬಿದ್ದಳು. ಯಾರು ಅಂದುಕೊಂಡೆ? ನಿನ್ನ ಅಜ್ಜಿ, ನನ್ನ ಹೆತ್ತ ತಾಯಿ! ವ್ಯಾನಿನ ಸ್ವಿಚ್ ಇರುವುದು ಅವಳು ಮಲಗುವ ಆ ಕೋಣೆಯಲ್ಲೇ, ಮಂಚದ ತಲೆದೆಸೆಗೆ. ವಯರನ್ನು ಕಿಟಕಿಯಿಂದ ಹೊರಗೆ ಬಿಟ್ಟಿದ್ದೇವೆ. ಗೋಡೆ ತಡವುತ್ತಾ ಹೋಗಿ ಟಕ್ ಅಂತ ಆರಿಸಿ, ಹೊದ್ದು ಮಲಗಿದಳು. ಬೆಳಿಗ್ಗೆ ನಾವು ಏಳುವ ಮುಂಚೆ ಮತ್ತೆ ಟಕ್ ಅಂತ ಹಾಕುತ್ತಾಳೆ, ಏನೂ ಆಗೇ ಇಲ್ಲವೆಂಬಂತೆ. ಯಾಕೆ ಅಂತ ಕೇಳಿದರೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡಳು. ಬೆಂಕಿಯ ಭಯವೋ, ಹಳೇ ಅಭ್ಯಾಸವೋ ಅಂತ ನೋಡಿದರೆ ಫ್ರಿಜ್ಜು ಮುಟ್ಟುವುದಿಲ್ಲ, ದೀಪ ಉರಿಯುತ್ತಿದ್ದರೂ ಬಿಡುತ್ತಾಳೆ, ಫ್ಯಾನು ತಿರುಗುತ್ತಲೇ ಇರುತ್ತದೆ. ದ್ವೇಷವೆಲ್ಲ ವ್ಯಾನಿನ ಮೇಲೆ. ಕೂಗಾಡಿದೆ, ಬೇಡಿಕೊಂಡೆ, ಆಸ್ಪತ್ರೆ ಕೆಲಸ ಹೋದರೆ ಏನಾಗುತ್ತೆ ಗೊತ್ತಾ ಅಂತ ಬಿಡಿಸಿ ಹೇಳಿದೆ. ಮುಖ ಊದಿಸಿಕೊಂಡು ಗೋಡೆಯ ಕಡೆ ತಿರುಗಿದಳು. ಅವಳು ಮಲಗಿದ ಮೇಲೆ ಮೆಲ್ಲಗೆ ಹೋಗಿ ಹಾಕೋಣ ಅಂದರೆ ಆ ಹಾಳು ಸ್ವಿಚ್ಚಿನ ಸದ್ದಿಗೇ ಎಚ್ಚರವಾಗಿ ಮತ್ತೆ ಆರಿಸುತ್ತಾಳೆ. ಅಪ್ಪ ದೊಡ್ಡದಾಗಿ 'ದಯವಿಟ್ಟು ಮುಟ್ಟಬೇಡಿ' ಅಂತ ಬರೆದು ಗೋಡೆಗೆ ಅಂಟಿಸಿದರು. ಕಣ್ಣು ಮಂಜು ಅಂತ ಅದನ್ನು ಅವರ ಕೈಲೇ ಓದಿಸಿ, "ಚೆನ್ನಾಗಿ ಬರೆದಿದ್ದೀರಿ ಅಳಿಯಂದಿರೇ" ಅಂತ ಹೊಗಳಿ, ಅವರ ಎದುರಿಗೇ ಆರಿಸಿದಳು. ಹೊರಗೆ ಬೇರೆ ಪಾಯಿಂಟ್ ಹಾಕಿಸೋಣ ಅಂದರೆ ಕರೆಂಟ್ ಆಫೀಸಿನವರು ಬರುತ್ತಾರೆ, ಗೋಡೆ ನೋಡುತ್ತಾರೆ, ತಲೆಯಾಡಿಸುತ್ತಾರೆ, ಹೋಗುತ್ತಾರೆ. ಹಗಲೆಲ್ಲ ವ್ಯಾನು ಅಂಗಡಿ, ಹೋಟೆಲುಗಳ ಸುತ್ತಿನಲ್ಲಿರುತ್ತದೆ. ಮೂರು ದಿನದಿಂದ ನಾನು ಪೇಟೆಯ ಆ ಯಂತ್ರದ ಮುಂದೆ ನಸುಕಿನಲ್ಲೇ ಹೋಗಿ ನಿಂತು ಹೇಗೋ ಮಾನ ಉಳಿಸಿಕೊಂಡಿದ್ದೇನೆ. ಇದು ಹೀಗೇ ನಡೆಯುವ ಮಾತಲ್ಲ.

ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ, ಸಿಟ್ಟಾಗಬೇಡ. ಹಳೇ ಡೀಸೆಲ್ ವ್ಯಾನು ಇನ್ನೂ ಗ್ಯಾರೇಜಿನವನ ಹತ್ತಿರವೇ ಇದೆ. ನಾಳೆ ಹೋಗಿ ಅದನ್ನು ತಂದು, ಇದನ್ನು ಅವನಿಗೆ ಒಪ್ಪಿಸಿ ಬರುತ್ತೇನೆ. ನೀನು ಮೂರು ದಿನ ಮಾತು ಬಿಡುತ್ತೀಯ, ಬಿಡು. ಹೊಗೆಯಾದರೆ ಹೊಗೆ, ಗಡಗಡವಾದರೆ ಗಡಗಡ. ಅಜ್ಜಿಗೆ ಆ ಗಾಡಿಯ ಮೇಲೆ ದ್ವೇಷವಿಲ್ಲ, ನನಗೆ ಅಷ್ಟು ಸಾಕು. ನಿನಗೆ ಅವಳ ಮೇಲೆ ಬೇಸರ ಬೇಡ, ಅವಳ ಹತ್ತಿರ ಕೂಗಾಡುವ ಹಕ್ಕು ನನ್ನೊಬ್ಬಳದು.

ಅಪ್ಪ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ನಿನ್ನ ಗುಡ್ಡದ ಮೇಲೆ ಬಿಸಿಲು ಹೇಗಿದೆ ಅಂತಲೂ ಕೇಳಿದ್ದಾರೆ. ಹಗ್ಗ, ಕೊಕ್ಕೆ ಎಲ್ಲಾ ಎರಡೆರಡು ಸಲ ನೋಡಿಕೊಂಡು ಹತ್ತು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ಅಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಅಜ್ಜಿ ಬಂದು ಪಕ್ಕದಲ್ಲಿ ಕೂತಳು. "ಮಗೂಗೆ ಬರೀತಿದ್ದೀಯಾ? ನನ್ನ ಮೇಲೆ ಚಾಡಿ ಹೇಳಿದ್ಯಾ?" ಅಂದಳು. ಹೌದು ಅಂದೆ. ಸೆರಗಿನ ತುದಿಯನ್ನು ಸುರುಳಿ ಸುತ್ತಿದಳು, ಬಿಚ್ಚಿದಳು. ಆಮೇಲೆ ಹೇಳಿದಳು. "ಹೊರಡೋ ದಿನ ಅವಳೇ ನನ್ನ ಹತ್ರ ಹೇಳಿದ್ಲು. ಅಜ್ಜೀ, ನಾನು ಮೇಲೆ ಹತ್ತಿ ಆ ದೊಡ್ಡ ಫ್ಯಾನು ತಿರುಗಿಸಿದ್ರೇನೇ ನಿಮ್ಮ ವ್ಯಾನಿಗೆ ಕರೆಂಟು ಅಂತ. ನೀವು ರಾತ್ರಿಯೆಲ್ಲಾ ಕರೆಂಟು ಎಳೀತಾ ಇದ್ರೆ ಮಗು ಕೆಳಗಿಳಿಯೋದು ಯಾವಾಗ, ಮಲಗೋದು ಯಾವಾಗ? ಆ ಗಾಳೀಲಿ, ಆ ಕತ್ತಲಲ್ಲಿ. ಅದಕ್ಕೇ ಆರಿಸ್ತೀನಿ. ಬೆಳಿಗ್ಗೆ ಅವಳು ಏಳೋ ಹೊತ್ತಿಗೆ ಹಾಕ್ತೀನಿ. ಇದನ್ನ ಹೇಳಿದ್ರೆ ನೀನು ನಗ್ತೀಯ ಅಂತ ಹೇಳ್ಲಿಲ್ಲ." ನಕ್ಕೆ ಕಣೇ, ನಗುತ್ತಲೇ ಅಳು ಬಂತು. ಹಾಗಲ್ಲಮ್ಮಾ, ಅದನ್ನ ಗಾಳಿಯೇ ತಿರುಗಿಸುತ್ತೆ, ಅದು ಕೆಟ್ಟರೆ ಅವಳು ರಿಪೇರಿ ಮಾಡ್ತಾಳೆ ಅಷ್ಟೇ, ಸಂಜೆ ಇಳಿದು ಬಂದು ಮಲಗ್ತಾಳೆ ಅಂದೆ. "ನೀನು ನೋಡಿದ್ದೀಯಾ?" ಅಂದಳು. ನಾನೆಲ್ಲಿ ನೋಡಿದ್ದೇನೆ? ಹಗಲು ಎಷ್ಟು ಬೇಕಾದರೂ ಹಾಕಿಕೊಳ್ಳಬಹುದಂತೆ, ಹೇಗೂ ಮಗು ಎದ್ದಿರುತ್ತೆ ಅಂತ ಅಪ್ಪಣೆ ಕೊಟ್ಟಿದ್ದಾಳೆ. ಇವತ್ತಿನ ಉಳಿದ ಸುತ್ತು ನಿಲ್ಲಿಸಿ ವ್ಯಾನು ಚಾರ್ಜಿಗೆ ಹಾಕಿದ್ದೇನೆ, ನಾಳೆ ಬರುವುದಿಲ್ಲ ಅಂತ ಗ್ಯಾರೇಜಿನವನಿಗೂ ಹೇಳಿದೆ. ಈ ಕಾಗದ ಸಿಕ್ಕ ಕೂಡಲೇ ಅಜ್ಜಿಯ ಹೆಸರಿಗೇ ಬರಿ. ಸಂಜೆ ಎಷ್ಟು ಹೊತ್ತಿಗೆ ಇಳಿಯುತ್ತೀಯ, ಎಲ್ಲಿ ಮಲಗುತ್ತೀಯ, ಹೊದೆಯಲು ಏನಿದೆ, ಕತ್ತಲಾದ ಮೇಲೆ ಯಾವತ್ತಾದರೂ ಮೇಲೆ ಹತ್ತಿಸುತ್ತಾರಾ, ಎಲ್ಲಾ ಬರಿ. ಸಮಾಧಾನಕ್ಕೆ ಅಂತ ಸುಳ್ಳು ಬರೆಯಬೇಡ. ಅವಳಿಗೆ ಓದಿ ಹೇಳುವವಳು ನಾನು.